ಹಳೆ ಅಂಗಡಿಯ ಲೆಕ್ಕ ಬೇರೆ ಬರೆಯಿರಿ: ಬೆಳೆಯುತ್ತಿರುವ ಹೋಟೆಲು-ಬೇಕರಿಯ ಮೂರು ತಿಂಗಳ ಲೆಕ್ಕ ನೋಡುವುದು ಹೇಗೆ?

ಮುಳ್ಳೇರಿಯ ಪೇಟೆಯಲ್ಲಿ ಒಂದು ಕಟ್ಟಡ ಖಾಲಿ ಇದೆಯಂತೆ. ಮೊನ್ನೆ ರಾತ್ರಿ ಗಲ್ಲಾ ಮುಚ್ಚಿ ಮನೆಗೆ ಬಂದ ತಮ್ಮ, ಕೈಕಾಲು ತೊಳೆಯುವ ಮೊದಲೇ ಶುರುಮಾಡಿದ: "ಅಕ್ಕ, ನಾಲ್ಕನೇ ಅಂಗಡಿ ಹಾಕುವ. ಈ ಮೂರು ತಿಂಗಳಲ್ಲಿ ವ್ಯಾಪಾರ ಕಾಲುಪಾಲು ಜಾಸ್ತಿ ಆಗಿದೆ."

"ಹಳೆ ಅಂಗಡಿಯಲ್ಲಿ ಎಷ್ಟು ಜಾಸ್ತಿ ಆಯ್ತು ಮಾರಾಯ?" ಎಂದು ಕೇಳಿದೆ. ಅವನು ಸುಮ್ಮನಾದ.

ಕುಂಬಳೆಯಲ್ಲಿ ಅಪ್ಪ ಇಟ್ಟ ಹೋಟೆಲು-ಬೇಕರಿ ನಮ್ಮದು. ಎರಡು ವರ್ಷದ ಹಿಂದೆ ಬದಿಯಡ್ಕದಲ್ಲಿ ಇನ್ನೊಂದು ತೆರೆದೆವು. ಕಳೆದ ಮೇ ತಿಂಗಳಲ್ಲಿ ಉಪ್ಪಳದಲ್ಲಿ ಮೂರನೆಯದು. ಲೆಕ್ಕ ಬರೆಯುವುದು ನಾನು. ನಮ್ಮ ಕಾಸರಗೋಡಿನ ಕಡೆ ಹೀಗೆ ಒಂದರಿಂದ ಮೂರು, ಮೂರರಿಂದ ಐದು ಮಾಡುವವರು ಬಹಳ ಮಂದಿ ಇದ್ದಾರೆ. ಗಲ್ಫಿನಲ್ಲಿ ದುಡಿದ ಭಾವನೋ ಅಣ್ಣನೋ ಹಣ ಹಾಕುತ್ತಾರೆ, ಊರಲ್ಲಿದ್ದವರು ಅಂಗಡಿ ನೋಡಿಕೊಳ್ಳುತ್ತಾರೆ. ಅಡುಗೆ ಚೆನ್ನಾಗಿರುತ್ತದೆ, ಗಿರಾಕಿಗಳೂ ಇರುತ್ತಾರೆ. ಆದರೂ ಕೆಲವು ಅಂಗಡಿಗಳು ಎರಡು ವರ್ಷದಲ್ಲಿ ಬೀಗ ಹಾಕುತ್ತವೆ. ನಾನು ನೋಡಿದ ಮಟ್ಟಿಗೆ ಕಾರಣ ಒಂದೇ. ಒಟ್ಟು ವ್ಯಾಪಾರ ಏರುತ್ತಿದ್ದಾಗ ಒಳಗೆ ಏನು ಇಳಿಯುತ್ತಿದೆ ಎಂದು ಯಾರೂ ನೋಡಿರುವುದಿಲ್ಲ.

ಮೂರು ತಿಂಗಳಿಗೊಮ್ಮೆ ಒಂದು ಭಾನುವಾರ ಮಧ್ಯಾಹ್ನ ಕೂತರೆ ಇದು ಗೊತ್ತಾಗುತ್ತದೆ. ನಾನು ಮಾಡುವ ರೀತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಲೆಕ್ಕ ಸುಲಭವಾಗಲಿ ಎಂದು ಸಂಖ್ಯೆಗಳನ್ನು ದುಂಡಗೆ ಮಾಡಿದ್ದೇನೆ.

ಮೊದಲ ಹೆಜ್ಜೆ: ಯಾವ ಮೂರು ತಿಂಗಳು, ಯಾವುದರ ಜೊತೆ ಹೋಲಿಕೆ

ಹಣಕಾಸು ವರ್ಷ ಏಪ್ರಿಲ್‌ನಿಂದ ಶುರು. ಏಪ್ರಿಲ್–ಜೂನ್, ಜುಲೈ–ಸೆಪ್ಟೆಂಬರ್, ಅಕ್ಟೋಬರ್–ಡಿಸೆಂಬರ್, ಜನವರಿ–ಮಾರ್ಚ್, ಹೀಗೆ ನಾಲ್ಕು ತುಂಡು. ಈ ಜುಲೈ–ಸೆಪ್ಟೆಂಬರ್ ಅನ್ನು ಕಳೆದ ವರ್ಷದ ಜುಲೈ–ಸೆಪ್ಟೆಂಬರ್ ಜೊತೆ ಹೋಲಿಸಿ. ಅದರ ಹಿಂದಿನ ಮೂರು ತಿಂಗಳ ಜೊತೆ ಹೋಲಿಸಿದರೆ ಪ್ರಯೋಜನ ಇಲ್ಲ.

ಯಾಕೆ ಅಂದರೆ ನಮ್ಮ ಊರಿನ ವ್ಯಾಪಾರ ಕಾಲಕ್ಕೆ ತಕ್ಕ ಹಾಗೆ ಕುಣಿಯುತ್ತದೆ. ಮೇ ಕೊನೆಯ ವಾರದ ಪತ್ತನಾಜೆಯವರೆಗೆ ಕೋಲ, ನೇಮ, ಯಕ್ಷಗಾನ, ಮದುವೆ. ರಾತ್ರಿ ಹನ್ನೆರಡಕ್ಕೂ ಚಾ ಖರ್ಚಾಗುತ್ತದೆ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಮದುವೆ ಇಲ್ಲ, ಮಳೆ ಬಿಡುವುದಿಲ್ಲ, ಸಂಜೆ ಏಳಕ್ಕೆ ಪೇಟೆ ಖಾಲಿ. ಆಮೇಲೆ ಚೌತಿ, ಓಣಂ ಬರುತ್ತದೆ, ಗಲ್ಫಿನ ಶಾಲೆ ರಜೆಗೆ ಊರಿಗೆ ಬಂದವರೂ ಇರುತ್ತಾರೆ. ಡಿಸೆಂಬರ್‌ನಲ್ಲಿ ಕೇಕ್. ಜೂನ್ ತಿಂಗಳನ್ನು ಜುಲೈ ಜೊತೆ ಹೋಲಿಸಿ ಗಾಬರಿಯಾಗುವುದರಲ್ಲಿ ಅರ್ಥ ಇಲ್ಲ, ಅಲ್ವಾ?

ಒಂದು ವಿಷಯದಲ್ಲಿ ಮಾತ್ರ ಹೋದ ವರ್ಷದ ಹೋಲಿಕೆಯೂ ತಪ್ಪು ದಾರಿ ತೋರಿಸುತ್ತದೆ. ಅದು ರಂಜಾನ್ ಮತ್ತು ಪೆರ್ನಾಳ್, ಅಂದರೆ ಈದ್ ಹಬ್ಬ. ಚಾಂದ್ರಮಾನದ ಲೆಕ್ಕವಾದ್ದರಿಂದ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ. 2024ರಲ್ಲಿ ಕೇರಳದಲ್ಲಿ ಈದುಲ್ ಫಿತ್ರ್ ಏಪ್ರಿಲ್ 10ಕ್ಕೆ ಬಂತು. 2025ರಲ್ಲಿ ಮಾರ್ಚ್ 31ಕ್ಕೆ. ಅಂದರೆ ಒಂದು ವರ್ಷ ಪೆರ್ನಾಳ್ ವ್ಯಾಪಾರ ಏಪ್ರಿಲ್–ಜೂನ್ ಲೆಕ್ಕದಲ್ಲಿತ್ತು, ಮರುವರ್ಷ ಅದು ಜನವರಿ–ಮಾರ್ಚ್‌ಗೆ ಹಾರಿತು. ಉಪ್ಪಳ, ಕುಂಬಳೆ, ಕಾಸರಗೋಡು ಪೇಟೆಯ ಬೇಕರಿಗೆ ಇದು ಸಣ್ಣ ಮಾತಲ್ಲ. ರಂಜಾನಿನ ಕೊನೆಯ ದಿನಗಳ ಇಫ್ತಾರಿನ ಎಣ್ಣೆತಿಂಡಿ, ಸಮೂಸ, ಕಟ್ಲೆಟ್, ಹಬ್ಬಕ್ಕೆ ಮುಂಚಿನ ಎರಡು ರಾತ್ರಿಯ ಹಲ್ವ ಮತ್ತು ಕೇಕ್, ಎಲ್ಲವೂ ಬೇರೆ ಕಾಲಂಗೆ ಹೋಯಿತು. ಅದರ ಮೇಲೆ 2025ರಲ್ಲಿ ಮಳೆಗಾಲ ಮೇ 24ಕ್ಕೇ ಕೇರಳಕ್ಕೆ ಬಂತು. ಆ ಏಪ್ರಿಲ್–ಜೂನ್ ಲೆಕ್ಕ ನೋಡಿ ನಮ್ಮ ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಜನವರಿಯಿಂದ ಜೂನ್‌ವರೆಗಿನ ಆರು ತಿಂಗಳನ್ನು ಒಟ್ಟಿಗೆ ಕೂಡಿಸಿ ತೋರಿಸಿದ ಮೇಲೆ ಸಮಾಧಾನ ಆಯಿತು. ಹಬ್ಬ ಗಡಿ ದಾಟಿದ ವರ್ಷ ನೀವೂ ಹಾಗೇ ಮಾಡಿ. ಓಣಂ, ಚೌತಿ, ದೀಪಾವಳಿ, ಕ್ರಿಸ್‌ಮಸ್‌ಗೆ ಈ ತೊಂದರೆ ಇಲ್ಲ. ಅವು ಹೆಚ್ಚು ಕಡಿಮೆ ಆದರೂ ತಮ್ಮ ಮೂರು ತಿಂಗಳ ಒಳಗೇ ಇರುತ್ತವೆ.

ಎರಡನೇ ಹೆಜ್ಜೆ: ವ್ಯಾಪಾರದಿಂದ ಜಿಎಸ್‌ಟಿ ತೆಗೆಯಿರಿ

ಗಲ್ಲಾಕ್ಕೆ ಬಂದದ್ದೆಲ್ಲ ನಮ್ಮ ವ್ಯಾಪಾರ ಅಲ್ಲ. 105 ರೂಪಾಯಿಯ ಬಿಲ್ಲಿನಲ್ಲಿ 5 ರೂಪಾಯಿ ಸರ್ಕಾರದ್ದು. ಲೆಕ್ಕದ ಹಾಳೆಯಲ್ಲಿ 100 ಮಾತ್ರ ಬರೆಯಿರಿ.

ತೆರಿಗೆಯ ದರ ಬದಲಾದ ವರ್ಷ ಇದು ತುಂಬಾ ಮುಖ್ಯ. 2025ರ ಸೆಪ್ಟೆಂಬರ್ 22ರಿಂದ ಕೇಕ್, ಪೇಸ್ಟ್ರಿ, ಬಿಸ್ಕೆಟ್ ಮೇಲಿನ ಜಿಎಸ್‌ಟಿ ನೂರಕ್ಕೆ 18ರಿಂದ 5ಕ್ಕೆ ಇಳಿಯಿತು. ಮೊದಲು 118 ರೂಪಾಯಿಗೆ ಮಾರುತ್ತಿದ್ದ ಕೇಕ್ ಈಗ 105. ನಮ್ಮ ಕೈಗೆ ಆಗಲೂ 100, ಈಗಲೂ 100. ಗಲ್ಲಾ ಹಣವನ್ನೇ ಹೋಲಿಸಿದರೆ 2025ರ ಕ್ರಿಸ್‌ಮಸ್‌ಗೆ ಹಿಂದಿನ ವರ್ಷದಷ್ಟೇ ಕೇಕ್ ಮಾರಿದರೂ ವ್ಯಾಪಾರ ನೂರಕ್ಕೆ 11ರಷ್ಟು ಬಿದ್ದ ಹಾಗೆ ಕಾಣುತ್ತದೆ. ತೆರಿಗೆ ತೆಗೆದು ಹೋಲಿಸಿದರೆ ನಿಜ ಗೊತ್ತಾಗುತ್ತದೆ.

ಆ್ಯಪ್ ಆರ್ಡರ್‌ಗಳಲ್ಲಿ ಇನ್ನೊಂದು ತಪ್ಪು ಆಗುತ್ತದೆ. 200 ರೂಪಾಯಿಯ ಬಿರಿಯಾನಿ ಹೋಯಿತು ಅನ್ನಿ. ಕಮಿಷನ್ 50 ರೂಪಾಯಿ, ಅದರ ಮೇಲೆ 18ರ ದರದಲ್ಲಿ ಜಿಎಸ್‌ಟಿ 9 ರೂಪಾಯಿ ಹಿಡಿದು ಬ್ಯಾಂಕಿಗೆ 141 ಬರುತ್ತದೆ. ತುಂಬಾ ಮಂದಿ 141 ಅಂತಲೇ ಬರೆಯುತ್ತಾರೆ. ಹಾಗೆ ಮಾಡಬೇಡಿ. ವ್ಯಾಪಾರದ ಕಡೆ 200, ಖರ್ಚಿನ ಕಡೆ 59 ಬರೆಯಿರಿ. ಇಲ್ಲದಿದ್ದರೆ ಆ್ಯಪ್‌ಗೆ ವರ್ಷಕ್ಕೆ ಎಷ್ಟು ಕೊಡುತ್ತಿದ್ದೀರಿ ಎಂಬುದು ಎಲ್ಲಿಯೂ ಕಾಣುವುದೇ ಇಲ್ಲ. ಗಿರಾಕಿ ಕೊಡುವ ಊಟದ 5ರ ಜಿಎಸ್‌ಟಿಯನ್ನು 2022ರ ಜನವರಿ 1ರಿಂದ ಸ್ವಿಗ್ಗಿ, ಜೊಮ್ಯಾಟೊದಂಥ ಆ್ಯಪ್‌ನವರೇ ಕಟ್ಟುತ್ತಾರೆ. ಅದನ್ನು ನೀವು ಇನ್ನೊಮ್ಮೆ ಕಟ್ಟಬೇಕಿಲ್ಲ. ಆದರೆ ಜಿಎಸ್‌ಟಿ ರಿಟರ್ನ್‌ನಲ್ಲಿ ಬೇರೆಯಾಗಿ ತೋರಿಸಬೇಕು.

ಮೂರನೇ ಹೆಜ್ಜೆ: ಹಳೆ ಅಂಗಡಿ ಬೇರೆ, ಹೊಸ ಅಂಗಡಿ ಬೇರೆ

ಈ ಲೇಖನದಲ್ಲಿ ಒಂದೇ ಒಂದು ಹೆಜ್ಜೆ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಕಳೆದ ವರ್ಷದ ಜುಲೈ–ಸೆಪ್ಟೆಂಬರ್: ಕುಂಬಳೆ 30 ಲಕ್ಷ, ಬದಿಯಡ್ಕ 15 ಲಕ್ಷ. ಒಟ್ಟು 45 ಲಕ್ಷ.

ಈ ವರ್ಷ: ಕುಂಬಳೆ 28 ಲಕ್ಷ, ಬದಿಯಡ್ಕ 15.5 ಲಕ್ಷ, ಹೊಸ ಉಪ್ಪಳ 13 ಲಕ್ಷ. ಒಟ್ಟು 56.5 ಲಕ್ಷ.

ತಮ್ಮ ಹೇಳಿದ್ದು ಸುಳ್ಳಲ್ಲ. 45ರಿಂದ 56.5 ಅಂದರೆ ನೂರಕ್ಕೆ 25ಕ್ಕಿಂತ ಸ್ವಲ್ಪ ಜಾಸ್ತಿ. ಆದರೆ ಎರಡೂ ವರ್ಷ ತೆರೆದಿದ್ದ ಅಂಗಡಿಗಳನ್ನು ಮಾತ್ರ ಕೂಡಿಸಿ. ಆಗ 45, ಈಗ 43.5. ನೂರಕ್ಕೆ 3ಕ್ಕಿಂತ ಜಾಸ್ತಿ ಇಳಿದಿದೆ. ಬೆಳೆದದ್ದು ಅಂಗಡಿಗಳ ಸಂಖ್ಯೆ.

ಇನ್ನೂ ಒಂದು ಮೆಟ್ಟಿಲು ಕೆಳಗೆ ಇಳಿಯಬೇಕು. ನಾವು ಈ ವರ್ಷದ ಮೊದಲಲ್ಲಿ ರೇಟ್ ಏರಿಸಿದ್ದೆವು. ಚಾ, ಪೊರೋಟ, ಬಿರಿಯಾನಿ, ಬನ್ನು ಎಲ್ಲ ಸೇರಿ ಸರಾಸರಿ ನೂರಕ್ಕೆ 8 ಅನ್ನಿ. 43.5 ಲಕ್ಷವನ್ನು 1.08ರಿಂದ ಭಾಗಿಸಿ. 40.3 ಲಕ್ಷ ಬರುತ್ತದೆ. ಹಳೆ ರೇಟಿನಲ್ಲಿ ನೋಡಿದರೆ 45 ಲಕ್ಷದ ವ್ಯಾಪಾರ 40.3 ಲಕ್ಷಕ್ಕೆ ಇಳಿದಿದೆ. ಅಂದರೆ ಹತ್ತು ಪ್ಲೇಟಿನಲ್ಲಿ ಒಂದು ಪ್ಲೇಟು ಕಡಿಮೆಯಾಗಿದೆ. ಇದು ನಿಜವೇ ಎಂದು ಬಿಲ್ಲುಗಳ ಸಂಖ್ಯೆ ನೋಡಿ ಖಚಿತ ಮಾಡಿಕೊಳ್ಳಿ. ಬಿಲ್ಲಿಂಗ್ ಮೆಷಿನ್ ಇದ್ದರೆ ದಿನಕ್ಕೆ ಎಷ್ಟು ಬಿಲ್ ಎಂದು ಒಂದು ಗುಂಡಿ ಒತ್ತಿದರೆ ಸಿಗುತ್ತದೆ. ಮೆಷಿನ್ ಇಲ್ಲದಿದ್ದರೆ ಹಾಲಿನ ಪ್ಯಾಕೆಟ್ ಲೆಕ್ಕ ನೋಡಿ. ಚಾ ಕುಡಿಯುವವರು ಕಡಿಮೆಯಾದರೆ ಹಾಲು ಕಡಿಮೆ ಆಗಲೇಬೇಕು. ಅಪ್ಪನ ಕಾಲದಿಂದ ನಮ್ಮಲ್ಲಿ ಇರುವ ಪರೀಕ್ಷೆ ಅದು. ಒಮ್ಮೆಯೂ ತಪ್ಪಿಲ್ಲ.

ಇಳಿದದ್ದು ಗೊತ್ತಾದ ಮೇಲೆ ಕಾರಣ ಹುಡುಕುವುದು ಕಷ್ಟ ಅಲ್ಲ. ನಮ್ಮ ಕುಂಬಳೆ ಅಂಗಡಿಯ ಎದುರು ಮೊದಲು ಕಾರು ನಿಲ್ಲಿಸಿ ಒಳಗೆ ಬರಬಹುದಿತ್ತು. ಹೆದ್ದಾರಿ 66 ಆರು ಲೇನ್ ಆದ ಮೇಲೆ ಮಂಗಳೂರಿನ ಕಡೆಯಿಂದ ಬರುವವರು ಮೇಲಿನಿಂದ ನೇರ ಹೋಗುತ್ತಾರೆ. ಸರ್ವಿಸ್ ರೋಡಿಗೆ ಇಳಿದು ಸುತ್ತಿ ಬರುವುದು ಯಾರಿಗೆ ಬೇಕು? ಊರಿನ ಗಿರಾಕಿ ಉಳಿದರು, ದಾರಿಯ ಗಿರಾಕಿ ಹೋದರು. ಇದನ್ನು ನಾವು ಒಂದು ವರ್ಷ ಮೊದಲೇ ನೋಡಬೇಕಿತ್ತು. ನೋಡಲಿಲ್ಲ, ಯಾಕೆಂದರೆ ಬದಿಯಡ್ಕದ ಹೊಸ ವ್ಯಾಪಾರ ಸೇರಿ ಒಟ್ಟು ಮೊತ್ತ ಏರುತ್ತಲೇ ಇತ್ತು. ಬರೆಯುವ ಕೈ ನನ್ನದೇ ಆಗಿತ್ತು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಿ. ಹೊಸ ಅಂಗಡಿ ನಮ್ಮದೇ ಹಳೆ ಅಂಗಡಿಯ ಗಿರಾಕಿಗಳನ್ನು ಎಳೆಯುತ್ತಿದೆಯಾ? ಉಪ್ಪಳ, ಬಂದ್ಯೋಡಿನವರು ಮೊದಲು ಹುಟ್ಟುಹಬ್ಬದ ಕೇಕಿಗೆ ಕುಂಬಳೆಗೆ ಬರುತ್ತಿದ್ದರು. ಈಗ ಅಲ್ಲೇ ಸಿಗುತ್ತದೆ. ಕೇಕ್ ಆರ್ಡರ್ ಪುಸ್ತಕದಲ್ಲಿ ಊರಿನ ಹೆಸರು ಬರೆದಿಟ್ಟಿದ್ದರಿಂದ ನನಗೆ ಇದು ತಿಳಿಯಿತು. ನೀವೂ ಊರಿನ ಹೆಸರು ಬರೆಸಿ.

ನಾಲ್ಕನೇ ಹೆಜ್ಜೆ: ಸಾಮಾನಿನ ಖರ್ಚು

ಮೂರು ತಿಂಗಳ ಪರ್ಚೇಸ್ ಬಿಲ್ಲುಗಳನ್ನು ಕೂಡಿಸಿದರೆ ಸಾಮಾನಿನ ಖರ್ಚು ಸಿಗುವುದಿಲ್ಲ. ಮೊದಲ ದಿನ ಗೋಡೌನಿನಲ್ಲಿ ಇದ್ದದ್ದು, ಅದಕ್ಕೆ ಖರೀದಿ ಕೂಡಿಸಿ, ಕೊನೆಯ ದಿನ ಉಳಿದದ್ದನ್ನು ಕಳೆಯಬೇಕು. ನಮ್ಮಲ್ಲಿ ಜುಲೈ 1ಕ್ಕೆ 2 ಲಕ್ಷದ ಸಾಮಾನು ಇತ್ತು. 26 ಲಕ್ಷ ಖರೀದಿ. ನವರಾತ್ರಿ, ದೀಪಾವಳಿಗೆಂದು ಮೈದಾ, ಸಕ್ಕರೆ, ಗೇರುಬೀಜ ತಂದಿಟ್ಟದ್ದರಿಂದ ಸೆಪ್ಟೆಂಬರ್ 30ಕ್ಕೆ 4 ಲಕ್ಷದ್ದು ಉಳಿದಿತ್ತು. ಖರ್ಚಾದದ್ದು 24 ಲಕ್ಷ. ವ್ಯಾಪಾರದ ನೂರಕ್ಕೆ 42.5. ಸ್ಟಾಕ್ ನೋಡದೆ ಖರೀದಿ ಮಾತ್ರ ಹಿಡಿದಿದ್ದರೆ 46 ಎಂದು ಬರುತ್ತಿತ್ತು. ಆಗ ಅಡುಗೆಯವರ ಮೇಲೆ ಸುಮ್ಮನೆ ರೇಗಾಡುತ್ತಿದ್ದೆವು.

ಸ್ಟಾಕ್ ಎಣಿಸಲು ಕೊನೆಯ ದಿನ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಇಬ್ಬರು ಬೇಕು. ಒಬ್ಬರು ಎಣಿಸಿ ಹೇಳಬೇಕು, ಇನ್ನೊಬ್ಬರು ಬರೆಯಬೇಕು. ಫ್ರೀಜರ್ ಒಳಗಿನ ಕೋಳಿಯನ್ನೂ ತೂಗಿ.

ರೇಟ್ ಏರಿಳಿತವನ್ನು ಪಕ್ಕದಲ್ಲಿ ಬರೆದಿಡಿ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊರದೇಶದ ಅಡುಗೆ ಎಣ್ಣೆಯ ಸುಂಕ ಏರಿಸಿತು, ಪಾಮಾಯಿಲ್ ತುಟ್ಟಿಯಾಯಿತು. 2025ರ ಮಳೆಗಾಲದಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ರೂಪಾಯಿ ದಾಟಿತು. ತೆಂಗಿನ ಊರಿನಲ್ಲೇ ಹೀಗಾದರೆ ನೇಂದ್ರ ಚಿಪ್ಸ್ ಕಾಯಿಸುವವರ ಗತಿ ಏನು? ಓಣಂ ಚಿಪ್ಸಿನ ವ್ಯಾಪಾರ ಜಾಸ್ತಿ ಕಂಡರೆ ಅದರಲ್ಲಿ ಎಷ್ಟು ಚಿಪ್ಸು, ಎಷ್ಟು ಎಣ್ಣೆಯ ರೇಟು ಎಂದು ಬಿಡಿಸಿ ನೋಡಿ. ಕಿಲೋ ಲೆಕ್ಕದಲ್ಲಿ ಬರೆದಿದ್ದರೆ ಸುಲಭ. ಹೋಟೆಲಿನ 19 ಕಿಲೋ ಗ್ಯಾಸ್ ಸಿಲಿಂಡರಿನ ರೇಟೂ ಪ್ರತಿ ತಿಂಗಳು 1ನೇ ತಾರೀಕು ಬದಲಾಗಬಹುದು. ಮೂರು ತಿಂಗಳ ಮೂರು ರೇಟು ಹಾಳೆಯ ಅಂಚಿನಲ್ಲಿ ಇರಲಿ.

ಐದನೇ ಹೆಜ್ಜೆ: ಬೋರ್ಮಕ್ಕೆ ಅದರದ್ದೇ ಪುಸ್ತಕ

ನಮ್ಮ ಕಡೆ ಬೇಕರಿಯ ಭಟ್ಟಿಮನೆಗೆ ಮಲಯಾಳದವರ ಹಾಗೆ ಬೋರ್ಮ ಎನ್ನುತ್ತೇವೆ. ಉತ್ತರ ಕೇರಳಕ್ಕೆ ಈ ಕೆಲಸ ಹಳೆಯದು. ಮಾಂಬಳ್ಳಿ ಬಾಪು ತಲಶ್ಶೇರಿಯಲ್ಲಿ ರಾಯಲ್ ಬಿಸ್ಕೆಟ್ ಫ್ಯಾಕ್ಟರಿ ಇಟ್ಟದ್ದು 1880ರಲ್ಲಿ. 1883ರಲ್ಲಿ ಅವರು ಮಾಡಿದ ಕ್ರಿಸ್‌ಮಸ್ ಕೇಕಿನ ಕಥೆ ಇಲ್ಲಿನ ಎಲ್ಲ ಬೇಕರಿ ಮಾಸ್ಟ್ರುಗಳಿಗೂ ಗೊತ್ತು.

ಒಂದೇ ಅಂಗಡಿ ಇದ್ದಾಗ ಬೋರ್ಮ ಹಿಂದೆ, ಕೌಂಟರ್ ಮುಂದೆ. ಲೆಕ್ಕ ಒಂದೇ ಸಾಕಾಗಿತ್ತು. ಈಗ ಕುಂಬಳೆಯ ಬೋರ್ಮದಿಂದ ಬೆಳಿಗ್ಗೆ ವ್ಯಾನಿನಲ್ಲಿ ಬದಿಯಡ್ಕಕ್ಕೆ, ಉಪ್ಪಳಕ್ಕೆ ಟ್ರೇ ಹೋಗುತ್ತದೆ. ದಾರಿಯ ಸಣ್ಣ ಅಂಗಡಿಗಳಿಗೆ ಲೈನ್ ಸೇಲೂ ಇದೆ. ಈಗ ಮೈದಾ, ಸೌದೆ, ಮಾಸ್ಟ್ರ ಸಂಬಳ ಎಲ್ಲವನ್ನೂ ಕುಂಬಳೆ ಅಂಗಡಿಯ ತಲೆಗೆ ಕಟ್ಟಿದರೆ ಕುಂಬಳೆ ನಷ್ಟದಲ್ಲಿ ಕಾಣುತ್ತದೆ. ಉಪ್ಪಳಕ್ಕೆ ಬ್ರೆಡ್ಡು ಪುಕ್ಕಟೆ ಬಂದ ಹಾಗೆ ಆಗಿ ಅದು ಚಿನ್ನದ ಗಣಿ ಎನಿಸುತ್ತದೆ.

ಹಾಗಾಗಿ ಬೋರ್ಮವನ್ನು ಬೇರೆಯವರ ಅಂಗಡಿ ಎಂದೇ ಭಾವಿಸಿ. ಬನ್ನಿಗೆ ಇಷ್ಟು, ಬ್ರೆಡ್ಡಿಗೆ ಇಷ್ಟು, ಪಫ್ಸಿಗೆ ಇಷ್ಟು ಎಂದು ಒಂದು ರೇಟು ನಿಶ್ಚಯಿಸಿ. ಸಾಮಾನು, ಸಂಬಳ, ಸೌದೆ, ಕರೆಂಟು ಸೇರಿದ ಅಸಲು, ಅದರ ಮೇಲೆ ಸ್ವಲ್ಪ. ಆ ರೇಟಿಗೆ ಪ್ರತಿ ಅಂಗಡಿಯೂ ಬೋರ್ಮದಿಂದ ಕೊಂಡ ಹಾಗೆ ಬರೆಯಿರಿ. ಹಣ ಕೈ ಬದಲಾಗಬೇಕಿಲ್ಲ. ಪುಸ್ತಕದಲ್ಲಿ ಬದಲಾದರೆ ಸಾಕು. ದೊಡ್ಡವರೂ ಹೀಗೇ ಮಾಡಿದ್ದಾರೆ. ಅಮೆರಿಕದ ಪನೇರಾ ಬ್ರೆಡ್ ಎಂಬ ಬೇಕರಿ-ಹೋಟೆಲು ಕಂಪನಿ ಷೇರುಪೇಟೆಯಲ್ಲಿದ್ದಾಗ ತನ್ನ ಅಂಗಡಿಗಳದ್ದು ಒಂದು ಲೆಕ್ಕ, ಫ್ರಾಂಚೈಸಿಯವರದ್ದು ಇನ್ನೊಂದು, ಹಿಟ್ಟು ಕಲಸಿ ಕಳಿಸುವ ಘಟಕಗಳದ್ದು ಮತ್ತೊಂದು ಎಂದು ಮೂರು ಭಾಗ ಮಾಡಿ ತೋರಿಸುತ್ತಿತ್ತು. ಸಾವಿರಾರು ಅಂಗಡಿ ಇದ್ದವರಿಗೆ ಬೇಕಾದದ್ದು ಮೂರು ಅಂಗಡಿ ಇದ್ದವರಿಗೂ ಬೇಕು.

ಇದರ ಜೊತೆಗೆ ರಿಟರ್ನ್ ಪುಸ್ತಕ, ಅಂದರೆ ಮಾರದೆ ವಾಪಸು ಬಂದ ಮಾಲಿನ ಲೆಕ್ಕ. ಬ್ರೆಡ್ಡು, ಬನ್ನು ಎರಡು-ಮೂರು ದಿನದ ಮಾಲು. ಸಂಜೆ ಉಳಿದದ್ದು ಎಷ್ಟು, ಯಾಕೆ ಉಳಿಯಿತು ಎಂದು ಬರೆಯಬೇಕು. ಅಂಗಡಿಯವರು ಜಾಸ್ತಿ ಕೇಳಿ ಉಳಿದರೆ ಆ ನಷ್ಟ ಅಂಗಡಿಯದ್ದು. ಕರಟಿ ಹೋಗಿದ್ದರೆ, ಉಬ್ಬದೆ ಇದ್ದರೆ ಬೋರ್ಮದ್ದು. ನಾವು ಇದನ್ನು ಶುರುಮಾಡಿದ ಮೊದಲ ವಾರ ಮಾಸ್ಟ್ರಿಗೆ ಬೇಜಾರಾಯಿತು. "ನನ್ನ ಮೇಲೆ ಸಂಶಯವಾ?" ಎಂದು ಕೇಳಿದರು. "ಇಲ್ಲ ಮಾಸ್ಟ್ರೇ, ಉಪ್ಪಳದ ಹುಡುಗರು ಮಳೆ ಬಂದ ದಿನವೂ ಹತ್ತು ಟ್ರೇ ಕೇಳುತ್ತಾರೆ, ಅದನ್ನು ಹಿಡಿಯಬೇಕು" ಎಂದೆ. ಎರಡು ತಿಂಗಳ ಮೇಲೆ ಅವರೇ ಪುಸ್ತಕ ತೆಗೆದು ತೋರಿಸಿದರು. ಉಪ್ಪಳದಿಂದ ಸೋಮವಾರ ವಾಪಸು ಬರುವ ಟ್ರೇ ಬೇರೆ ದಿನದ ಎರಡರಷ್ಟು. ಭಾನುವಾರದ ಅಂದಾಜಿನಲ್ಲೇ ಸೋಮವಾರಕ್ಕೂ ಆರ್ಡರ್ ಹೋಗುತ್ತಿತ್ತು. ಈಗ ಸೋಮವಾರಕ್ಕೆ ಬೇರೆ ಪಟ್ಟಿ ಇದೆ.

ಆರನೇ ಹೆಜ್ಜೆ: ಉಳಿದ ಖರ್ಚು, ಅದರದರ ತಿಂಗಳಿಗೆ

ಸಂಬಳ 14 ಲಕ್ಷ. ಬಾಡಿಗೆ 4.2 ಲಕ್ಷ. ಕರೆಂಟು, ಗ್ಯಾಸು, ಸೌದೆ ಸೇರಿ 4 ಲಕ್ಷ. ಪ್ಯಾಕಿಂಗ್, ವ್ಯಾನು, ರಿಪೇರಿ, ಆ್ಯಪ್ ಕಮಿಷನ್ ಎಲ್ಲ 4.3 ಲಕ್ಷ.

ಇಲ್ಲಿ ಗಮನಿಸಬೇಕಾದದ್ದು, ಹಣ ಕೊಟ್ಟ ದಿನವನ್ನು ಹಿಡಿಯಬಾರದು. ಖರ್ಚು ಯಾವ ತಿಂಗಳಿಗೆ ಸೇರಿದ್ದು ಎಂದು ನೋಡಬೇಕು. ಕೆಎಸ್‌ಇಬಿಯ (ಕೇರಳದ ವಿದ್ಯುತ್ ಮಂಡಳಿ) ಕರೆಂಟು ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವ ಕನೆಕ್ಷನ್ ಆದರೆ ಒಂದು ಮೂರು ತಿಂಗಳಲ್ಲಿ ಒಂದೇ ಬಿಲ್ಲು, ಇನ್ನೊಂದರಲ್ಲಿ ಎರಡು. ತಿಂಗಳಿಗೆ ಇಷ್ಟು ಎಂದು ಹಂಚಿ. ಓಣಂ ಬೋನಸ್ ಕೊಡುವುದು ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ. ಆದರೆ ಅದು ವರ್ಷವಿಡೀ ದುಡಿದದ್ದಕ್ಕೆ. ನಾಲ್ಕು ಭಾಗ ಮಾಡಿ ನಾಲ್ಕೂ ಲೆಕ್ಕಕ್ಕೆ ಹಾಕಿ. ಪಂಚಾಯತಿನ ಲೈಸೆನ್ಸ್, ಇನ್ಶೂರೆನ್ಸ್ ಕೂಡ ಹಾಗೇ.

ಮನೆಯವರ ಸಂಬಳವನ್ನೂ ಬರೆಯಿರಿ. ಗಲ್ಲಾದಲ್ಲಿ ಅಪ್ಪ ಕೂರುತ್ತಾರೆ, ಸಪ್ಲಾಯರ್ ಬಾರದ ದಿನ ತಮ್ಮನೇ ಟೇಬಲ್ ನೋಡುತ್ತಾನೆ. ಅವರಿಗೆ ಸಂಬಳ ಹಾಕದೆ ಬಂದ ಲಾಭ ಲಾಭವೇ ಅಲ್ಲ. ನಾಲ್ಕನೇ ಅಂಗಡಿಯಲ್ಲಿ ಕೂರಲು ಇನ್ನೊಬ್ಬ ಅಪ್ಪ ಎಲ್ಲಿ ಸಿಗುತ್ತಾರೆ? ಅಲ್ಲಿ ಸಂಬಳದವರನ್ನೇ ಇಡಬೇಕು.

ಸಾಮಾನು ಮತ್ತು ಸಂಬಳ ಎರಡನ್ನೂ ಕೂಡಿಸಿ ನೋಡುವುದು ನನ್ನ ಅಭ್ಯಾಸ. ನಮ್ಮದು 38 ಲಕ್ಷ, ವ್ಯಾಪಾರದ ನೂರಕ್ಕೆ 67. ಇದು 65ರ ಒಳಗಿದ್ದರೆ ನನಗೆ ನೆಮ್ಮದಿ. ದಾಟಿದರೆ ಬಾಡಿಗೆ, ಕರೆಂಟು, ಬಡ್ಡಿಗೆ ಜಾಗ ಸಾಲುವುದಿಲ್ಲ.

ವ್ಯಾಪಾರ 56.5ರಿಂದ ಈ ಎಲ್ಲ ಖರ್ಚು 50.5 ಕಳೆದರೆ 6 ಲಕ್ಷ ಉಳಿಯಿತು. ಬಿಡಿಸಿದರೆ ಕುಂಬಳೆ 4.3, ಬದಿಯಡ್ಕ 1.9, ಬೋರ್ಮ 0.4, ಉಪ್ಪಳ 0.6 ನಷ್ಟ. ಈ 6 ಲಕ್ಷದಲ್ಲಿ ಬಡ್ಡಿಗೆ 1.5 ಲಕ್ಷ ಹೋಯಿತು. ಓವನ್, ಫ್ರೀಜರ್, ಪೀಠೋಪಕರಣದ ಸವಕಳಿ 1.8 ಲಕ್ಷ. ಸವಕಳಿ ಅಂದರೆ ಸರಳ. 10 ಲಕ್ಷದ ಓವನ್ ಹತ್ತು ವರ್ಷ ಬಾಳುತ್ತದೆ ಎಂದಿಟ್ಟುಕೊಂಡರೆ ಮೂರು ತಿಂಗಳಿಗೆ 25,000 ರೂಪಾಯಿ ಸವೆಯಿತು. ಎಲ್ಲ ಕಳೆದು ಕೊನೆಗೆ 2.7 ಲಕ್ಷ.

ಕಳೆದ ವರ್ಷ ಇದೇ ಮೂರು ತಿಂಗಳಲ್ಲಿ, ಎರಡೇ ಅಂಗಡಿ ಇದ್ದಾಗ, 3.6 ಲಕ್ಷ ಉಳಿದಿತ್ತು. ವ್ಯಾಪಾರ ಕಾಲುಪಾಲು ಮೇಲೆ ಹೋಯಿತು, ಲಾಭ ಕಾಲುಪಾಲು ಕೆಳಗೆ ಬಂತು. ತಮ್ಮನಿಗೆ ಈ ಎರಡು ಸಾಲನ್ನು ತೋರಿಸಿದಾಗ ಅವನು ಕ್ಯಾಲ್ಕುಲೇಟರ್ ತೆಗೆದುಕೊಂಡು ಮೊದಲಿನಿಂದ ಲೆಕ್ಕ ಹಾಕಿದ.

ಉಪ್ಪಳದ ನಷ್ಟ ನೋಡಿ ಹೆದರಬೇಕಿಲ್ಲ. ಹೊಸ ಅಂಗಡಿ ಮೊದಲ ಕೆಲವು ತಿಂಗಳು ಹಣ ತಿನ್ನುತ್ತದೆ. ಹುಡುಗರಿಗೆ ಕೈ ಕೂಡಿರುವುದಿಲ್ಲ, ಎಷ್ಟು ಬೇಯಿಸಬೇಕು ಎಂಬ ಅಂದಾಜು ಸಿಕ್ಕಿರುವುದಿಲ್ಲ. ತಿಂಗಳು ತಿಂಗಳಿಗೂ ನಷ್ಟ ಕಡಿಮೆಯಾಗುತ್ತಿದೆಯಾ ಎಂದಷ್ಟೇ ನೋಡಿ. ಬಾಗಿಲು ತೆರೆಯುವ ಮೊದಲು ಕೊಟ್ಟ ಬಾಡಿಗೆ, ಸಂಬಳ, ಪೈಂಟಿಂಗು, ಉದ್ಘಾಟನೆಯ ಖರ್ಚನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಅದು ಮತ್ತೆ ಬರುವ ಖರ್ಚಲ್ಲ. ಆದರೆ ನಾಲ್ಕನೇ ಅಂಗಡಿಗೆ ಎಷ್ಟು ಬೇಕು ಎಂಬುದಕ್ಕೆ ಅದಕ್ಕಿಂತ ಒಳ್ಳೆ ಅಂದಾಜು ಬೇರೆ ಇಲ್ಲ.

ಏಳನೇ ಹೆಜ್ಜೆ: ಲಾಭ ಎಲ್ಲಿ ಹೋಯಿತು?

"2.7 ಲಕ್ಷ ಲಾಭ ಅಂತೀ, ಬ್ಯಾಂಕಿನಲ್ಲಿ ಹಣ ಯಾಕೆ ಕಡಿಮೆ ಆಯ್ತು ಮಗಾ?" ಎಂದು ಅಪ್ಪ ಕೇಳಿದರು. ಎಲ್ಲ ಮನೆಯಲ್ಲೂ ಏಳುವ ಪ್ರಶ್ನೆ ಇದು. ಇದರಿಂದ ಪಾಲುದಾರರ ನಡುವೆ ಜಗಳ ಆದದ್ದೂ ಇದೆ. ಉತ್ತರವನ್ನು ಕಾಗದದ ಮೇಲೆ ಹೀಗೆ ಇಳಿಸಿ.

ಲಾಭ 2.7. ಸವಕಳಿ ಕೈಯಿಂದ ಹೋದ ಹಣವಲ್ಲ, ಆದ್ದರಿಂದ 1.8 ಕೂಡಿಸಿ. 4.5 ಆಯಿತು. ಗೋಡೌನಿನಲ್ಲಿ ಸಾಮಾನು 2 ಲಕ್ಷ ಜಾಸ್ತಿ ಕೂತಿದೆ, ಕಳೆಯಿರಿ. 2.5. ಲೈನ್ ಅಂಗಡಿಗಳಿಂದ ಬರಬೇಕಾದ ಬಾಕಿ 0.8 ಜಾಸ್ತಿ ಆಗಿದೆ, ಕಳೆಯಿರಿ. 1.7. ಮೈದಾ, ಎಣ್ಣೆಯವರಿಗೆ ನಾವು ಕೊಡಬೇಕಾದ್ದು 1.5 ಜಾಸ್ತಿ ಆಗಿದೆ, ಅಷ್ಟು ಹಣ ಸದ್ಯ ನಮ್ಮಲ್ಲೇ ಉಳಿದಿದೆ, ಕೂಡಿಸಿ. 3.2. ಸಾಲದ ಅಸಲು 1.6 ಕಟ್ಟಿದ್ದೇವೆ. 1.6 ಉಳಿಯಿತು. ಮನೆ ಖರ್ಚಿಗೆ ತೆಗೆದದ್ದು 3 ಲಕ್ಷ. 1.4 ಕೊರತೆ. ಉಪ್ಪಳದ ಕಟ್ಟಡದ ಅಡ್ವಾನ್ಸಿನಲ್ಲಿ ಬಾಕಿ ಇದ್ದ 4 ಲಕ್ಷವನ್ನೂ ಈ ಮೂರು ತಿಂಗಳಲ್ಲೇ ಕೊಟ್ಟೆವು. ಒಟ್ಟು ಕೊರತೆ 5.4 ಲಕ್ಷ.

ಬ್ಯಾಂಕಿನ ಪಾಸ್‌ಬುಕ್ಕು ಮತ್ತು ಗಲ್ಲಾ ಎಣಿಸಿದಾಗ ಸರಿಯಾಗಿ ಇಷ್ಟೇ ಕಡಿಮೆಯಾಗಿರಬೇಕು. ಇಲ್ಲದಿದ್ದರೆ ಎಲ್ಲೋ ಬರೆಯಲು ಬಿಟ್ಟುಹೋಗಿದೆ. ಮೊದಲ ಸಲ ಕೂತಾಗ ನನಗೆ 40,000 ರೂಪಾಯಿ ವ್ಯತ್ಯಾಸ ಬಂತು. ಗಲ್ಲಾದಿಂದ ಕೈಯಲ್ಲೇ ಕೊಟ್ಟ ಮೀನು, ಕೋಳಿಯ ಹಣ ಪುಸ್ತಕಕ್ಕೆ ಬಂದಿರಲಿಲ್ಲ.

ಈ ಪಟ್ಟಿಯಲ್ಲಿ ಕೊಡಬೇಕಾದವರ ಬಾಕಿಯ ಸಾಲನ್ನು ನಾನು ಎರಡು ಸಲ ನೋಡುತ್ತೇನೆ. ಹೊಸ ಅಂಗಡಿಗೆ ಹಣ ಹಾಕಿ ಹಳೆ ಮೈದಾದವರಿಗೆ ಬಾಕಿ ಇಡುವುದು ಸುಲಭದ ದಾರಿ. ಅವರು ಒಂದು ದಿನ ಮೂಟೆ ಇಳಿಸುವುದಿಲ್ಲ ಎಂದರೆ ಮೂರೂ ಅಂಗಡಿಗೆ ಮಾಲು ಕೊಡುವ ಬೋರ್ಮವೇ ತಣ್ಣಗಾಗುತ್ತದೆ.

ಗಲ್ಫಿನಲ್ಲಿ ಪಾಲುದಾರರಿದ್ದರೆ ಈ ಹಾಳೆಯ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿ. ನಾವು ಭಾವನಿಗೆ ಹಾಗೆ ಕಳಿಸುತ್ತೇವೆ. ನಷ್ಟ ಇದ್ದರೂ ಕಳಿಸುತ್ತೇವೆ. ದೂರದಲ್ಲಿ ಹಗಲೂ ರಾತ್ರಿ ದುಡಿದು ಹಣ ಹಾಕಿದವರಿಗೆ ಅದು ತಿಳಿಯಬೇಕು.

ಎಂಟನೇ ಹೆಜ್ಜೆ: ತಾರೀಕುಗಳು

ಬೇಗ ಹೇಳಿ ಮುಗಿಸುತ್ತೇನೆ. ವರ್ಷದ ವ್ಯಾಪಾರ 1.5 ಕೋಟಿಯ ಒಳಗಿದ್ದು ಕಾಂಪೊಸಿಷನ್‌ನಲ್ಲಿದ್ದರೆ (ಸಣ್ಣ ವ್ಯಾಪಾರಿಗಳಿಗೆ ಇರುವ ಸರಳ ಜಿಎಸ್‌ಟಿ ಪದ್ಧತಿ) ಮೂರು ತಿಂಗಳ ತೆರಿಗೆಯನ್ನು ಮುಂದಿನ ತಿಂಗಳ 18ರೊಳಗೆ ಕಟ್ಟಬೇಕು. ಈ 1.5 ಕೋಟಿ ಒಂದೊಂದು ಅಂಗಡಿಗೆ ಅಲ್ಲ. ಒಂದೇ ಪ್ಯಾನ್‌ನ ಎಲ್ಲ ಅಂಗಡಿ ಸೇರಿ. ಬದಿಯಡ್ಕ ತೆರೆದ ವರ್ಷವೇ ನಾವು ದಾಟಿದೆವು. ಅಂಗಡಿ ಹೆಚ್ಚಿಸುವ ಮೊದಲು ಇದನ್ನು ಲೆಕ್ಕ ಹಾಕಿ. ದಾಟಿದ ಮೇಲೆ, 5 ಕೋಟಿಯವರೆಗೆ, ಮೂರು ತಿಂಗಳಿಗೊಮ್ಮೆ ರಿಟರ್ನ್ ಕೊಡುವ ಅವಕಾಶ ಇದೆ. ಮಾರಾಟದ ವಿವರ 13ಕ್ಕೆ, ಮುಖ್ಯ ರಿಟರ್ನ್ ಕೇರಳದವರಿಗೆ 22ಕ್ಕೆ. ತೆರಿಗೆಯನ್ನು ಮಾತ್ರ ತಿಂಗಳು ತಿಂಗಳೂ ಕಟ್ಟುತ್ತಿರಬೇಕು. ಹೋಟೆಲಿನ 5ರ ದರದಲ್ಲಿ ಖರೀದಿಗೆ ಕೊಟ್ಟ ಜಿಎಸ್‌ಟಿ ವಾಪಸು ಸಿಗುವುದಿಲ್ಲ, ಬಾಡಿಗೆ ಮೇಲಿನ 18 ಕೂಡ ನಮ್ಮ ಖರ್ಚೇ. ಬೇಕರಿ ಮಾಲು ಮಾರುವ ಭಾಗದ್ದು ಬೇರೆ ನಿಯಮ. ಎರಡರ ಖರೀದಿ ಬಿಲ್ಲುಗಳನ್ನು ಬೇರೆ ಬೇರೆ ಫೈಲಿನಲ್ಲಿಟ್ಟು ನಿಮ್ಮ ಆಡಿಟರ ಹತ್ತಿರ ಮಾತಾಡಿ. ಮುಂಗಡ ಆದಾಯ ತೆರಿಗೆಯ ದಿನಗಳು ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15, ಮಾರ್ಚ್ 15.

ಬಿಡುವಿದ್ದರೆ: ದೊಡ್ಡವರ ಕಾಗದ ಓದಿ

ಷೇರುಪೇಟೆಯಲ್ಲಿರುವ ಕಂಪನಿಗಳು ಮೂರು ತಿಂಗಳು ಮುಗಿದ 45 ದಿನದೊಳಗೆ ಲೆಕ್ಕ ಹೊರಗಿಡಬೇಕು. ವರ್ಷದ ಕೊನೆಯದ್ದಕ್ಕೆ 60 ದಿನ. ಬಿಎಸ್‌ಇ, ಎನ್‌ಎಸ್‌ಇ ಎಂಬ ಷೇರುಪೇಟೆಗಳ ಜಾಲತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆ ಓದಬಹುದು. ಡಾಮಿನೋಸ್ ನಡೆಸುವ ಜುಬಿಲಂಟ್ ಫುಡ್‌ವರ್ಕ್ಸ್, ದಕ್ಷಿಣ ಮತ್ತು ಪಶ್ಚಿಮ ಭಾರತದ ಮೆಕ್‌ಡೊನಾಲ್ಡ್ಸ್ ನಡೆಸುವ ವೆಸ್ಟ್‌ಲೈಫ್, ಬೇಕರಿಯಲ್ಲಿ ಮಿಸೆಸ್ ಬೆಕ್ಟರ್ಸ್, ಇವರದ್ದನ್ನು ನಾನು ತೆರೆದು ನೋಡುತ್ತೇನೆ. ಹಳೆ ಅಂಗಡಿಗಳ ಬೆಳವಣಿಗೆ ಎಷ್ಟು, ಹೊಸದಾಗಿ ಎಷ್ಟು ತೆರೆದರು ಎಂದು ಹೋಟೆಲು ಕಂಪನಿಗಳು ಬೇರೆ ಬೇರೆ ಹೇಳುತ್ತವೆ.

ಒಂದು ಎಚ್ಚರ. 2019ರ ಏಪ್ರಿಲ್‌ನಿಂದ ಬಂದ ಲೆಕ್ಕದ ನಿಯಮದಂತೆ ಈ ಕಂಪನಿಗಳು ಅಂಗಡಿ ಬಾಡಿಗೆಯ ಹೆಚ್ಚಿನ ಭಾಗವನ್ನು ಬಾಡಿಗೆ ಎಂದು ಬರೆಯುವುದಿಲ್ಲ. ಸವಕಳಿ ಮತ್ತು ಬಡ್ಡಿಯ ಸಾಲಿಗೆ ಹಾಕುತ್ತವೆ. ಅದರಿಂದ ಬಡ್ಡಿ, ಸವಕಳಿಗೆ ಮೊದಲಿನ ಲಾಭ ತುಂಬಾ ದೊಡ್ಡದಾಗಿ ಕಾಣುತ್ತದೆ. "ಅವರಿಗೆ ನೂರಕ್ಕೆ 20 ಉಳಿಯುತ್ತದೆ, ನಮಗೆ 10" ಎಂದು ಕೊರಗಬೇಡಿ. ನಿಮ್ಮ ಬಾಡಿಗೆ ಕಳೆದಾಗಿದೆ, ಅವರದ್ದು ಇನ್ನೂ ಕಳೆದಿಲ್ಲ.

ಮುಳ್ಳೇರಿಯದ ಕಟ್ಟಡ

ಭಾನುವಾರ ಸಂಜೆ ನಾವು ಮೂವರೂ ಈ ಹಾಳೆ ಮುಂದಿಟ್ಟು ಕೂತೆವು. ಕುಂಬಳೆಗೆ ಸರ್ವಿಸ್ ರೋಡಿನ ಕಡೆಯಿಂದ ಕಾಣುವ ಹಾಗೆ ಬೋರ್ಡು ತಿರುಗಿಸಬೇಕು. ಹಿಂದಿನ ಅಂಗಳದಲ್ಲಿ ಆರು ಕಾರು ನಿಲ್ಲುವ ಜಾಗ ಇದೆ, ಅದನ್ನು ಸಮತಟ್ಟು ಮಾಡಿಸಬೇಕು. ಉಪ್ಪಳದ ರಿಟರ್ನ್ ಇಳಿಯಬೇಕು. ಮೈದಾದವರ ಬಾಕಿ ಡಿಸೆಂಬರ್ ಒಳಗೆ ಹಳೆ ಮಟ್ಟಕ್ಕೆ ಬರಬೇಕು. ಇಷ್ಟನ್ನು ಹಾಳೆಯ ಹಿಂದೆ ಬರೆದೆವು.

ತಮ್ಮ ಆ ರಾತ್ರಿಯೇ ಮುಳ್ಳೇರಿಯಕ್ಕೆ ಫೋನ್ ಮಾಡಿದ. "ಜನವರಿಯಲ್ಲಿ ಇನ್ನೊಂದು ಲೆಕ್ಕ ಆಗಬೇಕು, ಆಮೇಲೆ ಹೇಳುತ್ತೇನೆ. ಅಷ್ಟರಲ್ಲಿ ಬೇರೆಯವರು ಬಂದರೆ ಕೊಟ್ಟುಬಿಡಿ" ಎಂದ. ಫೋನ್ ಇಟ್ಟು ನನ್ನ ಹತ್ತಿರ ಬಂದು, ಕುಂಬಳೆಯ ಬಿಲ್ಲುಗಳ ಸಂಖ್ಯೆಯನ್ನು ಇನ್ನು ಮುಂದೆ ದಿನಾ ರಾತ್ರಿ ತನಗೆ ಕಳಿಸಬೇಕು ಎಂದು ಹೇಳಿದ.